ಕಾಯಂ ನೌಕರನ ರೆಪ್ಪೆಗೂದಲು

ತೊಗರಿಗೆ ಗೊಡ್ಡು ರೋಗ ತರುವ ವೈರಾಣು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಒಂದು ನುಸಿ ಹೊತ್ತೊಯ್ಯುತ್ತದೆ. ನುಸಿ ಬರಿಗಣ್ಣಿಗೆ ಕಾಣದು. ರೋಗದ ಎಲೆಯಿಂದ ಒಳ್ಳೆಯ ಎಲೆಗೆ ಅದನ್ನು ಎತ್ತಿಡಲು ವಿಜ್ಞಾನ ಕಂಡುಕೊಂಡ ಅತ್ಯುತ್ತಮ ಉಪಕರಣವೆಂದರೆ, ಕಡ್ಡಿಯ ತುದಿಗೆ ಅಂಟಿಸಿದ ಮನುಷ್ಯನ ರೆಪ್ಪೆಗೂದಲು. ನಮ್ಮ ಸಂಶೋಧನಾ ಕೇಂದ್ರದಲ್ಲಿ ಅದು ನನ್ನದು.

ಹೆಮ್ಮೆಯಿಂದಲೇ ಹೇಳುತ್ತೇನೆ. ನನ್ನ ಪದವಿಗಳನ್ನು ನೋಡಿ ಯಾರೂ ಬೆರಗಾದದ್ದಿಲ್ಲ, ರೆಪ್ಪೆಯನ್ನು ನೋಡಿ ನಿರ್ದೇಶಕರೇ ಬೆರಗಾಗಿದ್ದಾರೆ.

ಕಳೆದ ವರ್ಷ ನನ್ನ ತಂಗಿಯ ಹೊಲಕ್ಕೂ ಈ ರೋಗ ಬಂತು. ಗಿಡಗಳೆಲ್ಲ ಪೊದೆಯಾಗಿ ಬೆಳೆದವು, ಹೂವಿಲ್ಲ, ಕಾಯಿಲ್ಲ. ಹೊರಗೆ ಸೊಂಪು, ಒಳಗೆ ಸೊನ್ನೆ. ನಮ್ಮ ಕೇಂದ್ರವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

"ಅಣ್ಣಾ, ಈ ರೋಗ ತಡ್ಕೊಳ್ಳೋ ಒಂದೇ ಒಂದು ಗಿಡ ಹುಡುಕ್ಕೊಡು. ಈ ಸಲವೂ ಹಿಂಗೇ ಆದ್ರೆ ನಾನು ಹೊಲದ ಆಸೆನೇ ಬಿಡ್ತೀನಿ" ಅಂದಳು.

"ಅಷ್ಟೇ ತಾನೆ?" ಅಂದೆ ನಾನು, ದೊಡ್ಡ ಮನುಷ್ಯನ ಹಾಗೆ.

ಗಾಜಿನಮನೆಯಲ್ಲಿ ಬಗೆಬಗೆಯ ತೊಗರಿ ಸಸಿಗಳು ಸಿದ್ಧವಾದವು. ಒಂದೊಂದಕ್ಕೂ ನುಸಿ ಬಿಟ್ಟು, ಯಾವುದು ಬದುಕಿ ಹೂ ಬಿಡುತ್ತದೆಂದು ನೋಡುವುದಷ್ಟೇ ಬಾಕಿ. ಅಷ್ಟರಲ್ಲಿ ಲೆಕ್ಕ ತಪಾಸಣೆಯವರು ಬಂದು, ಖರೀದಿಸದೆ ಬಳಸುತ್ತಿರುವ ಉಪಕರಣವೊಂದು ನನ್ನ ಮುಖದ ಮೇಲಿರುವುದನ್ನು ಪತ್ತೆಹಚ್ಚಿದರು. ಕೂಡಲೇ ಸುತ್ತೋಲೆ ಹೊರಟಿತು:

"ಸಂಶೋಧನೆಗೆ ಬಳಸುವ ರೆಪ್ಪೆಗೂದಲು ಕಾಯಂ ನೌಕರರದ್ದಾಗಿರತಕ್ಕದ್ದು. ಅದು ಕಚೇರಿ ವೇಳೆಯಲ್ಲಿ, ಅಧೀಕ್ಷಕರ ಸಮಕ್ಷಮ, ತಾನಾಗಿ ಉದುರಿರತಕ್ಕದ್ದು. ಕಿತ್ತ ಕೂದಲನ್ನು ಉದುರಿದ್ದೆಂದು ತೋರಿಸುವುದು ಶಿಕ್ಷಾರ್ಹ."

ನಾನು ಅಧೀಕ್ಷಕರ ಎದುರು ಕಣ್ಣು ಬಿಟ್ಟುಕೊಂಡು ಕೂತೆ. ನನ್ನ ಸೇವಾವಧಿಯಲ್ಲಿ ಕಚೇರಿಯೊಳಗೆ ಅಷ್ಟು ಹೊತ್ತು ಎಚ್ಚರವಾಗಿದ್ದದ್ದು ಅದೇ ಮೊದಲು. ಜಪ್ಪಯ್ಯ ಅಂದರೂ ಕೂದಲು ಉದುರಲಿಲ್ಲ. ಒಂದು ಭಾನುವಾರ ಮನೆಯಲ್ಲಿ ಮುಖ ತೊಳೆಯುವಾಗ ಒಂದು ಉದುರಿತು. ಕಾಗದದಲ್ಲಿ ಮಡಿಸಿ ತಂದೆ.

"ರಜೆ ದಿನ ಉದುರಿದ್ದು ನಿಮ್ಮ ಸ್ವಂತದ್ದು ಸಾರ್" ಎಂದು ಅಧೀಕ್ಷಕರು ಗೌರವದಿಂದ ಹಿಂದಿರುಗಿಸಿದರು.

ಹೀಗೆ ತಿಂಗಳುಗಳು ಕಳೆದವು. ಗಾಜಿನಮನೆಯ ಒಡೆದ ಗಾಜಿನ ದುರಸ್ತಿಯೂ ಪರಿಶೀಲನೆಯಲ್ಲಿತ್ತು. ನುಸಿಗೆ ಸುತ್ತೋಲೆ ತಲುಪಿರಲಿಲ್ಲವಾಗಿ, ಅದು ಗಾಳಿಯಲ್ಲಿ ತೇಲಿ ಒಳಗೆ ಬಂದು ಎಲ್ಲ ಗಿಡಗಳಿಗೂ ರೋಗ ಹಂಚಿತು. ಎಲ್ಲವೂ ಗೊಡ್ಡಾದವು, ಒಂದನ್ನು ಬಿಟ್ಟು. ಮೂಲೆಯ ಆ ಒಂದು ಗಿಡ ಮೈತುಂಬ ಹಳದಿ ಹೂ ಬಿಟ್ಟು, ಕಾಯಿಯೂ ಕಚ್ಚಿತ್ತು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಿರ್ದೇಶಕರ ಬಳಿಗೆ ಓಡಿದೆ.

"ಇವಕ್ಕೆ ನುಸಿ ಬಿಟ್ಟೋರು ಯಾರು?"

"ಗಾಳಿ ಸಾರ್."

"ಗಾಳಿ ಕಾಯಂ ನೌಕರನಾ?"

"ಅಲ್ಲ ಸಾರ್."

"ಹಾಗಾದ್ರೆ ರೋಗ ಬಂದೇ ಇಲ್ಲ. ಪರೀಕ್ಷೆನೇ ನಡೀದೆ ಈ ಗಿಡ ಪಾಸಾಗಿದೆ ಅಂದ್ರೆ, ಇದು ನಕಲು ಕಣ್ರೀ."

ಅನಧಿಕೃತವಾಗಿ ಸೋಂಕು ತಗುಲಿಸಿಕೊಂಡ ಗಿಡಗಳನ್ನೂ, ಅನಧಿಕೃತವಾಗಿ ತಗುಲಿಸಿಕೊಳ್ಳದ ಗಿಡವನ್ನೂ ಸುಟ್ಟುಹಾಕಲು ಆದೇಶವಾಯಿತು. ಹೊಣೆಗಾರ ಅಧಿಕಾರಿ ನಾನೇ. ನಾಲ್ಕು ಕಾಯಿ ಜೇಬಿಗೆ ಇಳಿಸಬಹುದಿತ್ತು, ತಂಗಿಗೆ ಅಷ್ಟೇ ಸಾಕಿತ್ತು. ಆದರೆ ಅಧೀಕ್ಷಕರು ಪಕ್ಕದಲ್ಲೇ ನಿಂತಿದ್ದರು, ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. ಹೂ ಬಿಟ್ಟ ಗಿಡವನ್ನು ಬೇರುಸಮೇತ ಕಿತ್ತೆ. ಕಣ್ಣು ತುಂಬಿ ಬಂತು, ಮುಂಗೈಯಿಂದ ಒರೆಸಿಕೊಂಡೆ.

ಮುಂಗೈ ಮೇಲೆ ಒಂದು ರೆಪ್ಪೆಗೂದಲು.

ಅಧೀಕ್ಷಕರು ಗಡಿಯಾರ ನೋಡಿದರು. ಕಚೇರಿ ವೇಳೆ. "ಅಭಿನಂದನೆಗಳು ಸಾರ್!" ಎಂದು ಕೈಕುಲುಕಿದರು. ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕೂದಲು ಈಗ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಇರುವುದೊಂದೇ ಆದ್ದರಿಂದ, ಸವೆಯದಿರಲೆಂದು ಬಳಕೆಯನ್ನು ನಿಷೇಧಿಸಲಾಗಿದೆ. ನನಗೆ ಬಡ್ತಿಯಾಗಿದೆ.

ಕೂದಲು ಉದುರಿದ ದಿನ ಸಂಜೆ ತಂಗಿ ಫೋನ್ ಮಾಡಿದಳು. "ಗಿಡ ಸಿಕ್ತಾ ಅಣ್ಣಾ?"

"ಗಿಡ ಇಲ್ಲ ಕಣೇ. ಕೂದಲು ಸಿಕ್ತು."

"ಒಳ್ಳೇದಾಯ್ತು ಬಿಡು. ನಾನು ಹೊಲ ಮೊನ್ನೆನೇ ಬೇರೆಯವ್ರಿಗೆ ಕೊಟ್ಬಿಟ್ಟೆ. ಅದನ್ನ ಜೋಪಾನವಾಗಿ ಇಟ್ಕೋ" ಅಂದಳು.