ಹೆಸರು ಸಿಗ್ತಿಲ್ಲ ಸಾರ್

ನಗೋ ಪ್ರಸಂಗಗಳೆಲ್ಲ ಅಳುಮೋರೆಯವನನ್ನೇ ಹುಡುಕ್ಕೊಂಡು ಬರ್ತವೆ. ನನ್ನ ಪಾಡೇ ನೋಡಿ. ಜಯನಗರದ ಒಂದು ರಕ್ತಪರೀಕ್ಷೆ ಲ್ಯಾಬಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋದು ನನ್ನ ಕೆಲಸವಾಗಿತ್ತು. ಪುಕ್ಕಟೆ ಸಿಗುತ್ತೆ ಅಂತ ಎಲ್ಲದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದ್ರು. ನೆಟ್ ನಿಂತಾಗಲೆಲ್ಲ ಲ್ಯಾಬಿನ ಡಾಕ್ಟ್ರು, "ಇನ್ನೊಂದ್ಸಲ ನಿಂತ್ರೆ ಬೇರೆಯವರನ್ನ ನೋಡ್ಕೋತೀನಿ ಕಣ್ರೀ" ಅನ್ನೋರು. ಐವತ್ತು ದಾಟಿದ ನನಗೆ ಇನ್ಯಾರು ಕೆಲಸ ಕೊಡ್ತಾರೆ?

ಮೇಡಂ ಅವರ ಅತ್ತೆ

ಒಂದಿನ ರಿಪೋರ್ಟ್ ಸೈಟ್ ತೆರೀಲಿಲ್ಲ. ಸೈಟಿನ ನಂಬರ್ ಹಾಕಿ ಪಿಂಗ್ ಮಾಡಿದ್ರೆ, ಅಂದ್ರೆ 'ಇದ್ದೀಯಾ?' ಅಂತ ಕೂಗಿದ್ರೆ, ಉತ್ತರ ಬರುತ್ತೆ, ಹೆಸರು ಹಾಕಿದ್ರೆ ಗೊತ್ತೇ ಇಲ್ಲ ಅನ್ನುತ್ತೆ.

"ಏನಾಗಿದೆ ಸಾರ್?" ಅಂದ್ರು ರಿಸೆಪ್ಷನ್ ಮೇಡಂ.

"ನೆಟ್ ಇದೆ ಮೇಡಂ. ಸೈಟಿನ ಹೆಸರಿಗೆ ನಂಬರ್ ಹುಡುಕಿ ಕೊಡೋದು ಆ ಮೂಲೆ ಡಬ್ಬ. ಅದಕ್ಕೆ ಗೊತ್ತಿಲ್ದಿದ್ರೆ ಇನ್ನೊಂದನ್ನ ಕೇಳುತ್ತೆ, ಅದು ಮತ್ತೊಂದನ್ನ. ಅಡ್ರೆಸ್ ಕೇಳಿದ್ರೆ ಆಟೋದವನು ಹೂವಿನವಳನ್ನ ಕೇಳ್ತಾನಲ್ಲ, ಹಂಗೆ. ಇವತ್ತು ಈ ಕಂಪ್ಯೂಟರ್‌ಗೆ ಡಬ್ಬ ಎಲ್ಲಿದೆ ಅನ್ನೋದೇ ಮರ್ತೋಗಿದೆ."

"ನಮ್ಮತ್ತೆ ಮದುವೆ ಆದಾಗಿಂದ ಮಾವನ ಹೆಸರೇ ಹೇಳಿಲ್ಲ ಸಾರ್. 'ಏನೂಂದ್ರೆ' ಅಂದ್ರೆ ಸಾಕು, ಮಾವ ಎಲ್ಲಿದ್ರೂ ಎದ್ದು ಬರ್ತಾರೆ. ನಿಮ್ ಲಿನಕ್ಸ್‌ಗೆ ಅಷ್ಟೂ ಬರಲ್ವಾ?"

ತಿದ್ದಬೇಡಿ

ಆ ಡಬ್ಬದ ನಂಬರನ್ನ ಕಂಪ್ಯೂಟರಿನ ಒಂದು ಫೈಲಲ್ಲಿ ಬರೆದೆ. ಸರಿಹೋಯ್ತು. ರೀಸ್ಟಾರ್ಟ್ ಮಾಡಿದೆ, ಅಳಿಸಿಹೋಯ್ತು. ಮತ್ತೆ ಬರೆದೆ, ಮತ್ತೆ ಹೋಯ್ತು.

ಡಾಕ್ಟ್ರು ಬಗ್ಗಿ ಸ್ಕ್ರೀನ್ ನೋಡಿ, "ಫೈಲಿನ ಮೇಲ್ಗಡೇನೇ ಬರೆದಿದೆಯಲ್ರೀ, ಇದನ್ನ ಕೈಯಲ್ಲಿ ತಿದ್ದಬೇಡಿ, ಉಳಿಯಲ್ಲ ಅಂತ! ಓದೋಕೆ ಬರಲ್ವಾ?" ಅಂದ್ರು. ಮಾತು ನಿಜಾನೇ. ನೆಟ್‌ವರ್ಕ್ ಸೆಟ್ಟಿಂಗಲ್ಲಿ ಹಾಕಬೇಕಿತ್ತು. ತೆಪ್ಪಗೆ ಹಾಕಿದೆ.

ಅಷ್ಟರಲ್ಲಿ ವಾಚ್‌ಮನ್ ಡಾಕ್ಟ್ರ ಹತ್ರ ಓಡಿಬಂದ. "ಸಾರ್, ಎದುರುಮನೆ ಗೇಟಲ್ಲಿ 'ಗಾಡಿ ನಿಲ್ಲಿಸಬೇಡಿ' ಅಂತ ಬೋರ್ಡಿದೆಯಲ್ಲ, ಅಲ್ಲೇ ನಿಮ್ ಕಾರು ನಿಂತಿದೆ. ಆಂಟಿ ಬೈತಾವ್ರೆ."

ಆಯುಧ ಪೂಜೆ

ಹಬ್ಬದ ದಿನ ಎಲ್ಲಾ ಕಂಪ್ಯೂಟರಲ್ಲೂ ಒಂದೇ ಗೋಳು, ಹೆಸರು ಸಿಗ್ತಿಲ್ಲ. ಜನ ರಿಪೋರ್ಟ್‌ಗೆ ಕೂಗಾಡ್ತಿದ್ರು. ಕೇಬಲ್ಲು, ಸೆಟ್ಟಿಂಗು ಎಲ್ಲಾ ತಡಕಾಡಿ ಮೂಲೆಗೆ ಹೋದ್ರೆ, ಡಬ್ಬ ಸೇವಂತಿಗೆ ಮುಡ್ಕೊಂಡು, ಕುಂಕುಮ ಇಟ್ಕೊಂಡು ತಣ್ಣಗೆ ಆಫ್ ಆಗಿ ಕೂತಿದೆ.

"ಪೂಜೆ ಆದ ಆಯುಧಾನ ಅವತ್ತು ಬಳಸಬಾರದಲ್ವಾ ಸಾರ್?" ಅಂದ್ರು ಮೇಡಂ. "ಎಲ್ಲಾ ಆಫ್ ಮಾಡಿದ್ರೆ ಲ್ಯಾಬ್ ನಡೆಯಲ್ಲ. ಏನೂ ಕೆಲಸ ಇಲ್ದೆ ಸುಮ್ನೆ ಕೂತಿರೋದು ಇದೊಂದೇ. ಶಾಸ್ತ್ರಕ್ಕೆ ಇರಲಿ ಅಂತ ಇದನ್ನ ಆಫ್ ಮಾಡ್ದೆ."

ಡಾಕ್ಟ್ರಿಗೂ ಆ ನ್ಯಾಯ ಹಿಡಿಸ್ತು. ಸುಮ್ನೆ ಕೂತಿರೋ ಇನ್ನೊಂದನ್ನೂ ತಿಂಗಳ ಕೊನೆಗೆ ಆಫ್ ಮಾಡಿದ್ರು. ಅದು ನಾನು.

ಶಾಲು

ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ ತರಿಸಿದ್ರು. ಡಾಕ್ಟ್ರು ಶುರು ಮಾಡಿದ್ರು: "ನಮ್ಮ ಲ್ಯಾಬಿಗೆ ಇಷ್ಟು ವರ್ಷ ದುಡಿದ ಶ್ರೀಯುತ..."

ಅಲ್ಲಿಗೆ ನಿಂತುಬಿಟ್ರು. ನನ್ನನ್ನ ಎಲ್ಲರೂ ಕರೀತಿದ್ದಿದ್ದು 'ಸಿಸ್ಟಮ್ ಸಾರ್' ಅಂತ. ಡಾಕ್ಟ್ರು ಬಗ್ಗಿ ಮೇಡಂ ಕಿವೀಲಿ ಏನೋ ಕೇಳಿದ್ರು. ಮೇಡಂ ಗೊತ್ತಿಲ್ಲ ಅಂತ ತಲೆ ಆಡಿಸಿ, ರಕ್ತ ತೆಗೆಯೋ ಹುಡುಗೀನ ಕೇಳಿದ್ರು. ಅವಳು ಬಾಗಿಲ ಹತ್ರ ಹೋಗಿ ವಾಚ್‌ಮನ್‌ನ ಕೇಳಿದ್ಲು. ನಾನು ಮೇಡಂಗೆ ಹೇಳ್ಕೊಟ್ಟಿದ್ದ ಹಂಗೇ, ಒಂದಕ್ಕೆ ಗೊತ್ತಿಲ್ದಿದ್ರೆ ಇನ್ನೊಂದು.

ಕೆಲಸ ಹೋದಾಗ ನಾನು ಅತ್ತಿರಲಿಲ್ಲ. ಈಗ ಕಣ್ಣು ತುಂಬ್ಕೊಂಡು ಬಂತು.

ವಾಚ್‌ಮನ್ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ನಿಂತ.

"ಅಣ್ಣ, ತಪ್ಪು ತಿಳ್ಕೋಬೇಡಿ," ಅಂತ ಪಿಸುಗುಟ್ಟಿದ. "ನಿಮ್ ಹೆಸರೇನು?"