ಸ್ಪ್ಯಾನಿಷ್‌ಗೆ ಪಾಯಾ ತೋಡಿದ್ದು

ಯಾವ ಕೆಲಸವನ್ನೂ ನಾನು ಯೋಜನೆಯಿಲ್ಲದೆ ಆರಂಭಿಸುವವಳಲ್ಲ. ಆರು ವಾರಗಳಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಮುಗಿಸಿಬಿಡುವುದೆಂದು ತೀರ್ಮಾನಿಸಿ, ಡೈರಿಯಲ್ಲಿ ತಾರೀಖು ಬರೆದು ಕೆಂಪು ಗೆರೆ ಎಳೆದೆ. ಸ್ಪ್ಯಾನಿಷ್‌ನ ಒಪ್ಪಿಗೆಯನ್ನೇನೂ ಕೇಳಿರಲಿಲ್ಲ.

ಕಾರಣವಿತ್ತು. ಶಹಾಪುರದ ನಮ್ಮ ಮನೆಯಲ್ಲೇ ಕುಳಿತು ಫೋನಿನಲ್ಲಿ ವಿದೇಶದವರಿಗೆ ಹೋಟೆಲ್ ರೂಮು ಕಾದಿರಿಸುವ ಕೆಲಸ. ಒಂದೇ ಜಾಗ ಖಾಲಿ. ಚೂರುಪಾರು ಸ್ಪ್ಯಾನಿಷ್ ಬಂದರೆ ಸಾಕು, ಉಳಿದದ್ದನ್ನು ಕಂಪನಿಯವರೇ ಕಲಿಸುತ್ತಾರೆ. ಅದು ಸಿಗದಿದ್ದರೆ ಯಾದಗಿರಿಯಲ್ಲಿ ಕಾಕಾನ ಸಿಮೆಂಟ್ ಅಂಗಡಿಯೇ ಗತಿ. ಅಲ್ಲಿ ಸಿಮೆಂಟಿನ ಧೂಳನ್ನಾದರೂ ಸಹಿಸಬಹುದು, ಕಾಕಾನ ಉಪದೇಶವನ್ನಲ್ಲ!

ನನ್ನ ಜೊತೆ ಬಿ.ಎ. ಓದಿದ ಪಕ್ಕದ ಮನೆಯ ನಸ್ರೀನ್ ಕೂಡ ಅದೇ ಕೆಲಸಕ್ಕೆ ಅರ್ಜಿ ಹಾಕಿದಳು. ಯೋಜನೆ ಇಲ್ಲ, ಡೈರಿ ಇಲ್ಲ. ನನಗೆ ಆಗಲೇ ಸಿಟ್ಟು ಬಂತು.

ಮೊದಲ ದಿನವೇ ಮೊಬೈಲಿನ ಪಾಠ ಇಂಗ್ಲಿಷಿನಲ್ಲಿ, ‘ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ’ ಎಂದಿತು. ಕರ್ತೃ ಯಾರು? ನನಗೆ ಪರಿಚಯವಿಲ್ಲ. ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುವ ಅಪ್ಪನನ್ನು ಕೇಳಿದೆ.

“ಪಾಯಾ ಗಟ್ಟಿ ಇಲ್ಲಂದ್ರ ಗ್ವಾಡಿ ನಿಂದ್ರಂಗಿಲ್ಲವ್ವಾ. ಮೊದ್ಲ ಇಂಗ್ಲಿಷ್ ಗಟ್ಟಿ ಮಾಡ್ಕೋ.”

ಸರಿ, ಸುರಪುರದ ನಿವೃತ್ತ ಮಾಸ್ತರರೊಬ್ಬರ ಮನೆಗೆ ಬಸ್ಸು ಹತ್ತಿದೆ.

“ಸರ್, ನನಗ ಸ್ಪ್ಯಾನಿಷ್ ಕಲೀಲಿಕ್ಕೆ ಬೇಕಾಗುವಷ್ಟು ಇಂಗ್ಲಿಷ್ ವ್ಯಾಕರಣ ಸಾಕ್ರಿ.”

“ಅಳತಿ ಮಾಡಿ ಕೊಡಾಕ ಅದೇನು ಎಣ್ಣೀನಾ? ಕೂಡು. ಕನ್ನಡದಾಗ ವಿಭಕ್ತಿ ಎಷ್ಟು, ಹೇಳು.”

“ಬರಂಗಿಲ್ರಿ.”

“ಕನ್ನಡದ್ದ ಬರಂಗಿಲ್ಲ, ಇಂಗ್ಲಿಷ್ ಹ್ಯಾಂಗ ಬರ್ತದ?”

ಹೀಗೆ ಸ್ಪ್ಯಾನಿಷ್ ಕಲಿಯಲು ಇಂಗ್ಲಿಷ್, ಇಂಗ್ಲಿಷ್ ಕಲಿಯಲು ಕನ್ನಡ! ಇನ್ನೊಂದು ವಾರ ಕಳೆದಿದ್ದರೆ ಮಾಸ್ತರರು ನನಗೆ ತೊಟ್ಟಿಲಲ್ಲಿ ಅಳುವುದನ್ನೂ ಮೊದಲಿನಿಂದ ಕಲಿಸುತ್ತಿದ್ದರು. ಮೂರನೆಯ ವಾರದ ಲೆಕ್ಕ ಡೈರಿಯಲ್ಲಿದೆ: ಕನ್ನಡ ವಿಭಕ್ತಿ, ಪೂರ್ಣ. ಇಂಗ್ಲಿಷ್ ಕಾಲಗಳು, ಅರ್ಧ. ಸ್ಪ್ಯಾನಿಷ್, ಒಂದು ಪದ. ಮಾಸ್ತರರ ಮೇಲಿನ ಸಿಟ್ಟು, ಪುಟ ಸಾಲಲಿಲ್ಲ.

ಇತ್ತ ನಸ್ರೀನ್ ಅಕ್ಕಿ ಆರಿಸುತ್ತಾ ಮೊಬೈಲಿನ ಜೊತೆ ಸ್ಪ್ಯಾನಿಷ್‌ನಲ್ಲಿ ಜಗಳವಾಡುತ್ತಿದ್ದಳು. ಪ್ರತಿ ವಾಕ್ಯವೂ ತಪ್ಪೆಂದು ಮೊಬೈಲೇ ಹೇಳುತ್ತಿತ್ತು!

“ವ್ಯಾಕರಣ ಇಲ್ಲದ ಹ್ಯಾಂಗ ಮಾತಾಡ್ತೀಯಲೇ?” ಎಂದು ರೇಗಿದೆ.

“ಮನ್ಯಾಗ ಉರ್ದು, ಬಜಾರದಾಗ ಕನ್ನಡ, ಗುರುಮಠಕಲ್ ಖಾಲಾನ ಮನ್ಯಾಗ ತೆಲುಗು. ಯಾವ ಮಾಸ್ತರ ಕಲಿಸ್ಯಾನ ನನಗ? ಬಾಯಿ ತೆಗೀಬೇಕವಾ ಸುಜಾತಾ, ಬಾಯಿ!”

ಬಾಯಿ ತೆಗೆಯುವುದು ನನ್ನ ಯೋಜನೆಯಲ್ಲಿ ಶುಕ್ರವಾರದಿಂದ ಇತ್ತು. ಸಂದರ್ಶನ ಗುರುವಾರವೇ ಬಂತು.

ಫೋನಿನಲ್ಲಿ ಕಂಪನಿಯ ಸಾಹೇಬರು ಇಂಗ್ಲಿಷಿನಲ್ಲಿ ನನ್ನ ಊರು ಕೇಳಿದರು. ಪ್ರಶ್ನೆಯಲ್ಲೊಂದು ತಪ್ಪಿತ್ತು. ಇಷ್ಟು ವಾರ ಬಸ್ಸಿನಲ್ಲಿ ನಿಂತು ಹೋಗಿ ಕಲಿತದ್ದು ಸುಮ್ಮನಾಯಿತೇ? ತಿದ್ದಿದೆ. ಅವರು ಕೆಮ್ಮಿ, ಓದಿನ ಬಗ್ಗೆ ಕೇಳಿದರು. ಅದರಲ್ಲೂ ತಪ್ಪು! ಈ ಸಲ ತಿದ್ದಿದ್ದಷ್ಟೇ ಅಲ್ಲ, ನಿಯಮವನ್ನೂ ಉದಾಹರಣೆ ಸಮೇತ ವಿವರಿಸಿದೆ. ಕೊನೆಗೆ ಅವರು, “ಈಗ ಸ್ವಲ್ಪ ಸ್ಪ್ಯಾನಿಷ್ ಮಾತಾಡಿ” ಎಂದರು.

ಆ ವಾಕ್ಯದಲ್ಲಿ ಮಾತ್ರ ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ!

“ಓಲಾ,” ಎಂದೆ. ಅಂದರೆ ನಮಸ್ಕಾರ. ಅವರು ಸ್ಪ್ಯಾನಿಷ್‌ನಲ್ಲಿ ಉದ್ದಕ್ಕೆ ಏನೋ ಕೇಳಿದರು. ನಾನು ಇನ್ನೊಮ್ಮೆ ನಮಸ್ಕಾರ ಮಾಡಿದೆ. ಫೋನು ಕಟ್ಟಾಯಿತು.

ಗೋಡೆಯಾಚೆ ಫೋನಿನ ಸ್ಪೀಕರಿನಲ್ಲಿ ನಸ್ರೀನಳ ಸಂದರ್ಶನ ನಡೆದಾಗ ಎರಡೂ ಕಡೆಯವರು ನಗುತ್ತಿದ್ದರು. ಕೆಲಸ ಅವಳಿಗೇ ಸಿಕ್ಕಿತು. ಜಿಲೇಬಿ ತಂದು, “ಬಾರವಾ, ನಿನಗೂ ಕಲಿಸ್ತೀನಿ” ಎಂದಳು.

“ಯಾವ ಪುಸ್ತಕದಿಂದ?” ಎಂದು ಕೇಳಿದೆ. ಜಿಲೇಬಿ ನನ್ನ ಕೈಗಿಟ್ಟು, ಅಕ್ಕಿ ಆರಿಸಲು ಹೋದಳು.

ಈಗ ಯಾದಗಿರಿಯಲ್ಲಿದ್ದೇನೆ. ಮೊನ್ನೆ ಕಾಕಾ ಊಟಕ್ಕೆ ಹೋಗಿದ್ದಾಗ ಹತ್ತಿಕುಣಿಯಿಂದ ಒಬ್ಬರು ಬಂದು, “ಎರಡು ಚೀಲ ಸಿಮೆಂಟ್ ಕೊಡವಾ ತಂಗಿ, ಟಂಟಂ ಗಾಡಿ ನಿಂತಾದ” ಎಂದರು. ಆ ಮಾತಿನಲ್ಲಿ ಕರ್ಮ ಯಾವುದು, ಕ್ರಿಯಾಪದ ಯಾವುದು, ಎಲ್ಲವೂ ನನಗೆ ಥಟ್ಟನೆ ಹೊಳೆಯಿತು.

ಸಿಮೆಂಟ್ ಎಲ್ಲಿದೆ ಎಂಬುದೊಂದು ಗೊತ್ತಿರಲಿಲ್ಲ!