ಗೌಡರ ಕಾರಿಗೆ ಹೊಸ ಬೇರಿಂಗು

ಡ್ರೈವರ್ ಅಂದರೆ ಸ್ಟೇರಿಂಗ್ ಹಿಡಿದರೆ ಸಾಕು ಅಂದ್ಕೊಂಡಿದ್ದೆ. ನನ್ನ ಹಣೇಬರಹಕ್ಕೆ ಮದ್ದೂರು ಸೀಮೆಯ ಗೌಡರೊಬ್ಬರ ಹಳೇ ಕಾರು ಗಂಟುಬಿತ್ತು. ಅದಕ್ಕೆ ಕೈ ಹಚ್ಚಿದಾಗಲೆಲ್ಲ ಒಂದಲ್ಲ ಒಂದು ಫಜೀತಿ. ಯುದ್ಧದ ಕಾಲದಲ್ಲಿ ಮುಂದಿನ ಗಾಲಿಯ ಬೇರಿಂಗು ಸವೆದದ್ದಂತೂ ಮರೆಯೋ ಹಾಗೇ ಇಲ್ಲ.

೧. ಮುದ್ದೆಯ ಎಸರು

ಬೇರಿಂಗು ಸವೆದರೆ ಕಾರು ಕೂಗುತ್ತೆ. ನಮ್ಮದು ನಿಡಘಟ್ಟ ದಾಟುತ್ತಿದ್ದಂಗೇ ಊರಿಗೆಲ್ಲ ಕೇಳಿಸೋದು. ಬರೋ ಗುರುವಾರ ಗೌಡರ ಮಗಳಿಗೆ ಗಂಡಿನ ಮನೆ ನೋಡೋಕೆ ಮಳವಳ್ಳಿಗೆ ಹೋಗಬೇಕು. "ಕಾರಲ್ಲೇ ಬತ್ತೀವಿ" ಅಂತ ಗೌಡರು ಹೇಳಿ ಕಳಿಸಿಬಿಟ್ಟಿದ್ದರು. ದಾರೀಲಿ ಗಾಲಿ ಕಳಚಿದರೆ ಮಾನವೂ ಹೋಯ್ತು, ಸಂಬಂಧವೂ ಹೋಯ್ತು. ಬೆಂಗಳೂರಿಂದ ಹೊಸ ಬೇರಿಂಗು ತರಿಸಿ ಅಂದೆ. ಗೌಡರು ಒಪ್ಪಿದರು. ಒಪ್ಪದೇ ಇದ್ದೋರು ಅವರ ಹೆಂಡತಿ.

"ಬ್ಯಾಡ ಕಣಪ್ಪ. ಆ ಸದ್ದು ಕೇಳುಸ್ದ ಮ್ಯಾಕೇ ನಾನು ಎಸರು ಇಡಾದು. ಸುಮ್ಕೆ ಬಂದು ನಿಂತ್ಬುಟ್ರೆ ಬಿಸಿ ಮುದ್ದೆ ಎಲ್ಲಿಂದ ತರ್ಲಿ?"

೨. ಅಜ್ಜಿಯ ಮಡಿ

ಬೇರಿಂಗು ಬಂತು. ಬೆಳಗ್ಗೆಯೇ ಕೂತು ಗ್ರೀಸು ತುಂಬಿ, ಪೂಜೆಗೆ ಅಂತ ಗೌಡರ ತಾಯಿ ಕೈಗೆ ಕೊಟ್ಟೆ. ಮನೆ ಮುಂದೆ ಜಾಕಿ ಕೊಟ್ಟು ಕಾರೆತ್ತಿ, ಗಾಲಿ ಕಳಚಿ, ಹಳೇ ಬೇರಿಂಗು ಹೊಡೆದು ತೆಗೆಯೋ ಹೊತ್ತಿಗೆ ಸಾಕುಸಾಕಾಯ್ತು. ಆಮೇಲೆ ಅಜ್ಜಿ ತಾಮ್ರದ ತಟ್ಟೇಲಿ ಹೊಸದನ್ನ ಇಟ್ಕೊಂಡು ಬಂದರು. ಫಳಫಳ ಹೊಳೀತಿದೆ! ಅರಿಸಿನ, ಕುಂಕುಮ, ಮೇಲೊಂದು ಕಣಗಿಲೆ ಹೂವು. ಹುಣಿಸೇಹಣ್ಣು ಹಾಕಿ ತಿಕ್ಕಿದ್ದಾರೆ, ನಾನು ತುಂಬಿದ್ದ ಗ್ರೀಸೆಲ್ಲ ಬಚ್ಚಲ ಪಾಲು.

"ಅಯ್ಯೋ ಅಜ್ಜಿ, ಎಂಥಾ ಕೆಲ್ಸ ಮಾಡ್ಬುಟ್ರಿ!"

"ಸುಮ್ನಿರ್ಲಾ. ಅಷ್ಟು ಜಿಡ್ಡು ಮೆತ್ಕೊಂಡಿದ್ರೆ ತೊಳೀದೆ ಪೂಜೆ ಮಾಡಕ್ಕಾಯ್ತದಾ?"

ನನಗೆ ಕೋಪ ನೆತ್ತಿಗೇರಿತು. ಹಲ್ಲು ಕಚ್ಕೊಂಡು ಸೀಮೆಎಣ್ಣೇಲಿ ತೊಳೆದು, ಒಣಗಿಸಿ, ಡಬ್ಬಿಯ ತಳ ಕೆರೆದು ಮತ್ತೆ ಗ್ರೀಸು ತುಂಬಿದೆ. ಅಜ್ಜಿ ಪಕ್ಕದಲ್ಲೇ ಕೂತು ಲೊಚಗುಟ್ಟಿದರು.

"ತಿಕ್ಕಿ ತೊಳ್ದು ಕೊಟ್ರೆ ಮತ್ತೆ ಕೊಳೆ ಬಳೀತಾವ್ನಲ್ಲ. ಇವನ ಹೆಂಡ್ತಿ ಹೆಂಗ್ ಬಾಳ್ತಾಳೋ!"

೩. ಮನೆ ನೋಡೋ ಶಾಸ್ತ್ರ

ಗುರುವಾರ ಹೊರಟೆವು. ಗಾಲಿ ಮೆತ್ತಗೆ ಉರುಳ್ತಿದೆ, ಚೂರೂ ಸದ್ದಿಲ್ಲ. ನನಗೋ ಹಿಗ್ಗೋ ಹಿಗ್ಗು.

ಹುಡುಗನ ತಂದೆ ಹಿಂದೊಮ್ಮೆ ನಮ್ಮೂರಿಗೆ ಬಂದಾಗ ಕಾರಿನ ಕೂಗು ಕೇಳಿದ್ದರು. ಸದ್ದು ಕೇಳಿದ ಮೇಲೆ ತಯಾರಾದರಾಯ್ತು ಅಂತ ಅದನ್ನೇ ನಂಬ್ಕೊಂಡು ಕೂತಿದ್ದರಂತೆ. ನಾವು ಸೀದಾ ಬಾಗಿಲಿಗೇ ಹೋಗಿ ಇಳಿದೆವು. ನೋಡಿದರೆ ಅವರು ಎರಡು ಭಾರೀ ಎತ್ತು ಎಳ್ಕೊಂಡು ಕೊಟ್ಟಿಗೆಗೆ ನುಗ್ಗಿಸ್ತಿದ್ದಾರೆ! ಪಕ್ಕದ ಮನೆಯವನು ಹಿಂದಿಂದ ಕಿರುಚ್ತಿದ್ದಾನೆ:

"ಹೆಣ್ಣಿನೋರು ಹೋದೇಟ್ಗೆ ನಮ್ಮೆತ್ತ ವಾಪಸ್ ತಂದು ಕಟ್ಬುಡು ಕಣ್ಲಾ! ಬೈಗೆ ಆಲೆಮನೆಗೆ ಕಬ್ಬು ಸಾಗುಸ್ಬೇಕು!"

ಹುಡುಗನ ತಂದೆ ನಮ್ಮನ್ನ ಕಂಡು, ಹಗ್ಗ ಹಿಡಿದಲ್ಲೇ ಕಲ್ಲಾದರು. ಮುರೀತಲ್ಲಪ್ಪ ಸಂಬಂಧ, ಅದೂ ನಾನು ಹಾಕಿದ ಬೇರಿಂಗಿಂದ! ಗೌಡರು ಎತ್ತು ನೋಡಿದರು, ಹಗ್ಗ ಹಿಡಿದೋರನ್ನ ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಗೋಕೆ ಶುರುಮಾಡಿದರು.

"ಬುಡಿ ಬೀಗ್ರೆ, ಅವನ ಎತ್ತು ಅವನ್ಗೆ ಕೊಟ್ಬುಟ್ಟು ಬ್ಯಾಗ ಊಟಕ್ಕಿಕ್ಕಿ. ನಾನು ಹಾಕ್ಕೊಂಡಿರೋ ಕೋಟು ಸೋಮನಹಳ್ಳಿ ಮೇಷ್ಟ್ರುದು, ಬೈಗೆ ನಾನೂ ವಾಪಸ್ ಕೊಡ್ಬೇಕು!"